ಹೆಸರಿಲ್ಲದೆ ಮಲಗಬಾರದು

ನಾನು ಹಳಿಯಾಳದಲ್ಲಿ ನಿಂತಿದ್ದರೂ ನನ್ನ ಮೂಗು ಜೋಯಿಡಾದಲ್ಲಿರುತ್ತದೆ ಎಂದು ನನ್ನ ಅವ್ವ ಮಹಾದೇವಕ್ಕ ಬಂದವರೆದುರೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಮಂದಿಯ ವಿಷಯ ಕೇಳಿ ತಿಳಿದುಕೊಳ್ಳದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಈ ಚಟದಿಂದಲೇ ನನಗೊಂದು ಕೆಲಸವೂ ಹುಟ್ಟಿಕೊಂಡಿದೆ. ದಾಂಡೇಲಿಗೆ ಹೊಳೆ, ಕಾಡು ನೋಡಲು ಬರುವವರನ್ನು ಸುತ್ತಾಡಿಸುತ್ತೇನೆ. ಅವರನ್ನು ಪ್ರಶ್ನೆ ಕೇಳಿ ಕೇಳಿಯೇ ಇಂಗ್ಲಿಷ್ ಕಲಿತೆ.

ಹೋದ ವರ್ಷ ಫೆಬ್ರುವರಿಯಲ್ಲಿ ಕಿರಣಕುಮಾರ ಎಂಬವನು ಹುಬ್ಬಳ್ಳಿಯಿಂದ ಫೋನ್ ಮಾಡಿದ. ಯಾವುದೋ ವಿದೇಶಿ ಸಿನಿಮಾದ ಸಹಾಯಕ ನಿರ್ದೇಶಕ. "ಆಫ್ರಿಕಾದವರ ಹಾಗೆ ಕಾಣುವ ನಲವತ್ತು ಜನ ಬೇಕು ಮೇಡಂ, ನಿಮ್ಮ ಕಡೆ ಸಿಗ್ತಾರಂತಲ್ಲ" ಅಂದ, ಸಂತೆಯಲ್ಲಿ ಸೌತೆಕಾಯಿ ವಿಚಾರಿಸಿದಷ್ಟು ಸಲೀಸಾಗಿ. ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಕಡೆಯ ಸಿದ್ದಿ ಜನ ಆಫ್ರಿಕಾದಿಂದ ಈ ಕಾಡಿಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಅವರು ನಮ್ಮ ಗದ್ದೆಯ ನೆರೆಯವರು, ನಮ್ಮದೇ ಮಾತು ಆಡುತ್ತಾರೆ. ಆದರೂ ಪ್ರವಾಸಿಗರು ನನ್ನ ಕಿವಿಯಲ್ಲಿ "ಇವರದು ಯಾವ ದೇಶ?" ಎಂದು ಕೇಳುವುದು ನಿಂತಿಲ್ಲ. ಫೋನಿನಲ್ಲೇ ಅವನನ್ನು ಚೆನ್ನಾಗಿ ಬೈದೆ. ಬೈದು ಮುಗಿಸಿ, ಆಗಲಿ ಅಂದೆ. ಸಿನಿಮಾ ಹೇಗೆ ತೆಗೆಯುತ್ತಾರೆ ಎಂದು ನೋಡುವ ಆಸೆ ಸಿಟ್ಟಿಗಿಂತ ದೊಡ್ಡದಾಗಿತ್ತು.

ಸಾಂಬ್ರಾಣಿಯ ಆಚೆಗಿನ ಕೇರಿಯಲ್ಲಿ ಸೋನುಬಾಯಿ ಇದ್ದಾರೆ. ಅವರು ಒಪ್ಪಿದರೆ ಇಡೀ ಕೇರಿ ಒಪ್ಪಿದ ಹಾಗೆ. ಹಿಂದೆ ನಮ್ಮ ಅಪ್ಪನ ಅಂಗಡಿಗೆ ಸೀಗೆಕಾಯಿ ತರುತ್ತಿದ್ದರು, ನನ್ನನ್ನು ಎತ್ತಿ ಆಡಿಸಿದವರು. ನಾನು ಅವರನ್ನು ಮಾವಶಿ, ಅಂದರೆ ಚಿಕ್ಕವ್ವ, ಎನ್ನುತ್ತೇನೆ. ಅವರ ಅಂಗಳದಲ್ಲಿ ಕುಳಿತು ಸಿನಿಮಾದ ಕತೆ ಹೇಳಿದೆ. ರುವಾಂಡಾ ಎಂಬ ದೇಶ, ಮೂವತ್ತು ವರ್ಷದ ಹಿಂದಿನ ಮಾತು, ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು.

"ಯಾರು ಕೊಂದ್ರು? ಹೊರಗಿನ ದಂಡು ಬಂದಿತ್ತೇನು?" ಎಂದು ಸೋನುಬಾಯಿ ಕೇಳಿದರು.

"ದಂಡಿನವ್ರೂ ಇದ್ರು ಮಾವಶಿ. ಆದ್ರ ಬಾಳಷ್ಟು ಮಂದಿ ಬಾಜೂ ಮನಿಯವ್ರ. ಕೊಲ್ರಿ ಅಂತ ರೇಡಿಯೋದಾಗ ಹೇಳತಿದ್ರಂತ."

"ಒಲಿಗೆ ಕೆಂಡ ಕೇಳಾಕ ಬರ್ತಿದ್ದವ್ರ?"

"ಹೂಂ. ಅವ್ರ."

ಪಕ್ಕದ ಮನೆಯ ಮಿಂಗೇಲ್ ಕೊಡಲಿಗೆ ಕಾವು ಹಾಕುತ್ತಾ ಕುಳಿತಿದ್ದವನು ಕೈ ನಿಲ್ಲಿಸಿದ. "ಅವ್ರ ಭಾಷಾ ಬ್ಯಾರೆ ಏನು?"

"ಒಂದ."

"ದೇವ್ರು?"

"ಒಂದ."

"ಹಂಗಾದ್ರ ಇಂವನ್ನ ಕೊಲ್ಲಬೇಕು, ಇಂವನ್ನ ಬಿಡಬೇಕು ಅಂತ ಹೆಂಗ ಗೊತ್ತಾಗ್ತಿತ್ತು?"

"ಕಾರ್ಡಿನಾಗ ಜಾತಿ ಬರ್ದಿತ್ತಂತ. ದಾರ್ಯಾಗ ನಿಲ್ಲಿಸಿ ಕಾರ್ಡ್ ನೋಡತಿದ್ರಂತ."

ಮಿಂಗೇಲ್ ತನ್ನ ಮನೆಯೊಳಗೆ ಕಾಗದಪತ್ರ ಇಡುವ ಮಾಡದ ಕಡೆ ಒಂದು ಸಲ ನೋಡಿ, ಮತ್ತೆ ಕಾವಿನ ಕೆಲಸಕ್ಕೆ ಹತ್ತಿದ. ಸೋನುಬಾಯಿ ಮಾತ್ರ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ. ಕೊಂದವರು ಆಮೇಲೂ ಅದೇ ಊರಿನಲ್ಲಿ ಉಳಿದರೇ, ಬಾವಿಗೆ ಬಂದಾಗ ಒಬ್ಬರನ್ನೊಬ್ಬರು ಹೇಗೆ ನೋಡುತ್ತಿದ್ದರು, ಮಕ್ಕಳಿಗೆ ಏನು ಹೇಳಿದರು ಎಂದು ಕೇಳುತ್ತಲೇ ಇದ್ದರು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಸಿಕ್ಕರಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಉತ್ತರ ಗೊತ್ತಿದ್ದವರು ಆ ವಾರವೇ ಬಂದರು. ಕೊನ್ಸೊಲಾತಾ ಎಂದು ಹೆಸರು, ರುವಾಂಡಾದವರು, ಐವತ್ತರ ಆಸುಪಾಸು. ಆ ನೂರು ದಿನ ಬದುಕಿ ಉಳಿದವರು. ಸಿನಿಮಾದಲ್ಲಿ ಸುಳ್ಳು ನುಸುಳದಂತೆ ನೋಡಿಕೊಳ್ಳುವುದು ಅವರ ಕೆಲಸ. ಹುಬ್ಬಳ್ಳಿಯಿಂದ ಕಾರಿನಲ್ಲಿ ಅವರನ್ನು ಕರೆತರುವುದು ನನ್ನ ಪಾಲಿಗೆ ಬಂತು. ದಾರಿಯುದ್ದಕ್ಕೂ ಅವರು ಕಬ್ಬಿನ ಗದ್ದೆ, ಕೆಂಪು ಮಣ್ಣು ನೋಡುತ್ತಿದ್ದರು. ಧಾರವಾಡ ದಾಟಿದ ಮೇಲೆ ಪರ್ಸಿನಿಂದ ಒಂದು ಫೋಟೋ ತೆಗೆದು ತೋರಿಸಿದರು. ಇಬ್ಬರು ಹುಡುಗಿಯರು, ಒಂದೇ ಬಟ್ಟೆಯಲ್ಲಿ ಹೊಲಿಸಿದ ಲಂಗ.

"ಇದು ನಾನು. ಇವಳು ನನ್ನ ತಂಗಿ. ಕೊಲೆ ಶುರುವಾದ ಆ ಏಪ್ರಿಲಿನಲ್ಲಿ ಕೈ ತಪ್ಪಿದಳು. ಈಗಲೂ ಅಲ್ಲಿ ಇಲ್ಲಿ ನೆಲ ಅಗೆದಾಗ ಜನ ಸಿಗುತ್ತಾರೆ. ಗುರುತಿಗೆಂದು ಅವರ ಬಟ್ಟೆಗಳನ್ನು ಒಗೆದು ಸಾಲಾಗಿ ಹಾಕಿರುತ್ತಾರೆ. ನಾನು ಹೋಗಿ ನೋಡುತ್ತೇನೆ. ಈ ಲಂಗ ಇನ್ನೂ ಸಿಕ್ಕಿಲ್ಲ. ನಮ್ಮ ಊರಿದ್ದ ಗುಡ್ಡದಲ್ಲಿ ಸತ್ತವರ ಹೆಸರೆಲ್ಲ ಒಂದು ಗೋಡೆಯ ಮೇಲೆ ಬರೆದಿದ್ದಾರೆ. ಇವಳ ಹೆಸರು ನಾನು ಕೊಟ್ಟಿಲ್ಲ. ಕೊಟ್ಟರೆ ಹುಡುಕುವುದು ಮುಗಿದ ಹಾಗೆ."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮಹಾದೇವಕ್ಕನ ಮಗಳೇ ಅಲ್ಲ. "ಮೂವತ್ತು ವರ್ಷ ಆಯಿತಲ್ಲ, ಅವರು ಇಲ್ಲ ಎಂದೇ ಅಲ್ಲವೇ? ಹೆಸರೇನು ಅವರದು?" ಎಂದು ಕೇಳಿಬಿಟ್ಟೆ. ಅವರು ಫೋಟೋವನ್ನು ನನ್ನ ಕೈಯಿಂದ ತೆಗೆದುಕೊಂಡು ಪರ್ಸಿನಲ್ಲಿಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೆಸರು ಏನಿರಬಹುದು ಎಂಬುದು ತಲೆಯೊಳಗೆ ಕೊರೆಯುತ್ತಲೇ ಇತ್ತು.

ಚಿತ್ರೀಕರಣ ಕೊಯ್ಲು ಮುಗಿದ ಒಂದು ಗದ್ದೆಯಲ್ಲಿ. ಬೆಳಗಿನ ಎಂಟು ಗಂಟೆಗೆ ಎಲ್ಲರಿಗೂ ಬೇರೆ ಬಟ್ಟೆ ಉಡಿಸಿದರು. ಹುಣಸೆ ಹಣ್ಣಿನ ರಸಕ್ಕೆ ಬಣ್ಣ ಬೆರೆಸಿದಂಥ ಏನನ್ನೋ ರಕ್ತವೆಂದು ಅಲ್ಲಲ್ಲಿ ಬಳಿದರು. "ನೀವೆಲ್ಲ ಸತ್ತಿದ್ದೀರಿ. ಅಲುಗಾಡಬಾರದು, ಕೆಮ್ಮಬಾರದು" ಎಂದು ಕಿರಣಕುಮಾರ ಕೂಗಿದ. ಮಿಂಗೇಲ್ ಹೋಗಿ ಅಡ್ಡಾಗಿ ಗೊರಕೆ ಹೊಡೆದು ತೋರಿಸಿದ, ಎಲ್ಲರೂ ನಕ್ಕರು. ಒಬ್ಬೊಬ್ಬರೇ ಮಲಗಿದರು. ಸೋನುಬಾಯಿ ನಿಂತೇ ಇದ್ದರು.

"ಅಜ್ಜಿ, ಮಲಗ್ರಿ. ಎಳೀ ಬಿಸಿಲು ಹೋಗತೈತಿ" ಎಂದ ಕಿರಣಕುಮಾರ.

"ನಾ ಯಾರು?"

"ನೀವು ಹೆಣಾರಿ ಅಜ್ಜಿ."

"ಹೆಣಾ ಅಂತ ಗೊತ್ತೈತಿ. ಯಾರ ಹೆಣಾ?"

ಅವನು ಕೈಯಲ್ಲಿದ್ದ ಹಾಳೆಗಳನ್ನು ತಿರುವಿ ಹಾಕಿದ. ಹಾಳೆಯಲ್ಲಿ ನಲವತ್ತು ಹೆಣ ಎಂದಷ್ಟೇ ಇತ್ತು. "ಹಂಗ ಯಾರೂ ಅಂತ ಇಲ್ರಿ. ಸುಮ್ನ ಒಂದು ಹೆಣಾ."

"ಸುಮ್ನ ಒಂದು ಹೆಣಾ ಎಲ್ಲಿರತೈತೋ ತಮ್ಮಾ?" ಎಂದು ಸೋನುಬಾಯಿ ನನ್ನ ಕಡೆ ತಿರುಗಿದರು. "ಪೂರ್ಣಿ, ನೀನರ ಹೇಳು ಇಂವಗ. ನಮ್ಮ ಮನ್ಯಾಗ ಹಿರ್ಯಾರ ಮೂಲಿ ನೋಡೀದಿ. ಎಡಿ ಇಡೂ ಮುಂದ ಒಬ್ಬೊಬ್ಬರ ಹೆಸರು ಹಿಡಿದು ಕರೀತೇವಿ. ಹೆಸರು ಹಿಡೀದಿದ್ರ ಅವ್ರು ಬರೂದಿಲ್ಲ, ಹೋಗೂದೂ ಇಲ್ಲ. ನಾ ಇಲ್ಲಿ ಸತ್ತವ್ರಂಗ ಮಲಗಿದೆ ಅಂದ್ರ ಯಾವಾಕಿನೋ ಒಬ್ಬಾಕಿ ಬಂದು, ಇದು ನನ್ನ ಜಾಗಾ ಅಂತ ನಿಲ್ಲತಾಳ. ಆಕಿನ್ನ ಏನಂತ ಕರೀಲಿ? ಹೆಸರಿಲ್ದ ಮಲಗಬಾರದವ್ವಾ."

ಅವರ ಮನೆಯ ಆ ಮೂಲೆ ನನಗೆ ಗೊತ್ತು. ಮಣ್ಣಿನ ಕಟ್ಟೆಯ ಮೇಲೆ ಒಂದು ತೆಂಗಿನಕಾಯಿ, ಅದೇ ಅವರ ಹಿರಿಯರು. ಮಿಂಗೇಲನ ಮನೆಯ ಗೋಡೆಗೆ ಶಿಲುಬೆ ಇದೆ, ಅದೇ ಕೇರಿಯ ನಾಜಿಯಾಳ ಮನೆಯಲ್ಲಿ ನಮಾಜು ಇದೆ. ಹಿರಿಯರಿಗೆ ಎಡೆ ಮಾತ್ರ ಮೂರೂ ಮನೆಯಲ್ಲಿ ಇಡುತ್ತಾರೆ. ಆದ್ದರಿಂದ ಸೋನುಬಾಯಿಯ ಮಾತು ಕೇಳಿದ್ದೇ ತಡ, ಗದ್ದೆಯಲ್ಲಿ ಮಲಗಿದ್ದವರೆಲ್ಲ ಎದ್ದು ಕುಳಿತರು. ಗೊರಕೆ ಹೊಡೆದ ಮಿಂಗೇಲ್ ಕೂಡ ಎದ್ದು ಮೈ ಝಾಡಿಸಿಕೊಂಡ.

ನಿರ್ದೇಶಕ ದೂರದಿಂದ ಏನೋ ಕಿರುಚಿದ. ಕಿರಣಕುಮಾರ ಅಳುವುದೊಂದು ಬಾಕಿ. ನಾನು ಮತ್ತಿಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಕೊನ್ಸೊಲಾತಾ ಅವರ ಬಳಿ ಹೋದೆ. ಕಾರಿನಲ್ಲಿ ನಡೆದದ್ದರಿಂದ ಮುಖ ಎತ್ತಲು ಧೈರ್ಯವಿರಲಿಲ್ಲ. ನೆಲ ನೋಡುತ್ತಲೇ ಹೇಳಿದೆ, ಈ ಅಜ್ಜಿಗೆ ತಾನು ಯಾರಾಗಿ ಮಲಗಬೇಕು ಎಂದು ತಿಳಿಯಬೇಕಂತೆ.

ಅವರು ಸೋನುಬಾಯಿಯ ಕಡೆ ನೋಡಿದರು. "ಇಲ್ಲಿಯವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ಎಷ್ಟು ಜನ ಅಂತ ಎಲ್ಲರೂ ಕೇಳುತ್ತಾರೆ" ಅಂದರು. ಎದ್ದು ಗದ್ದೆಗೆ ಬಂದರು. ಕಣ್ಣು ಮುಚ್ಚಿದರು. ತಮ್ಮ ಗುಡ್ಡದ ದಾರಿ ಹಿಡಿದು ಮೇಲಿನಿಂದ ಇಳಿಯುತ್ತ ಬಂದವರ ಹಾಗೆ ಮನೆ ಮನೆಯ ಹೆಸರು ಹೇಳತೊಡಗಿದರು. ನಾನು ಕನ್ನಡದಲ್ಲಿ ಹೇಳುತ್ತಾ, ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಮೊದಲ ಮನೆ ಅಗಾಥಾ, ಸೂಲಗಿತ್ತಿ.

"ಆಕಿಗೆ ತಿನ್ನಾಕ ಏನು ಸೇರತಿತ್ತು ಕೇಳು" ಅಂದರು ಸೋನುಬಾಯಿ.

ಕೇಳಿದೆ. ಸುಟ್ಟ ಮೆಕ್ಕೆಜೋಳದ ತೆನೆ. ಸೋನುಬಾಯಿ ತಲೆಯಾಡಿಸಿ, "ಅಗಾಥಾ, ನಾನವ್ವಾ ಸೋನುಬಾಯಿ, ಸ್ವಲ್ಪ ಸರಿ" ಎಂದು ನೆಲಕ್ಕೆ ಹೇಳಿ ಮಲಗಿದರು. ಮಿಂಗೇಲನಿಗೆ ಅನಾಸ್ತಾಸ್ ಎಂಬ ಬಡಗಿ ಸಿಕ್ಕ, ಬಾಳೆಹಣ್ಣಿನ ಹೆಂಡ ಅವನಿಗೆ ಪ್ರಾಣ. "ಛಲೋ ಮನಷ್ಯಾ" ಎಂದ ಮಿಂಗೇಲ್. ನಾಜಿಯಾಳಿಗೆ ಆಗಷ್ಟೇ ಸೈಕಲ್ ಕಲಿತಿದ್ದ ಹುಡುಗಿ. ಎಲ್ಲರೂ ಒಬ್ಬೊಬ್ಬರನ್ನು ಪಡೆದು, ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ, ಮಲಗಿದರು. ಮೂವತ್ತೊಂಬತ್ತಕ್ಕೆ ಕೊನ್ಸೊಲಾತಾ ನಿಲ್ಲಿಸಿದರು. ಅಷ್ಟೇ ಜನ ಇದ್ದದ್ದು, ನಲವತ್ತನೆಯವನಾಗಬೇಕಿದ್ದ ರೋಹಿದಾಸ ಜ್ವರ ಬಂದು ಮನೆಯಲ್ಲೇ ಉಳಿದಿದ್ದ. ಬೆಳಗಿನ ಎಳೆ ಬೆಳಕು ಓಡುತ್ತಿತ್ತು. ಎಡ ಮೂಲೆ ಖಾಲಿ ಕಾಣುತ್ತದೆ ಎಂದು ಕ್ಯಾಮೆರಾದವನು ಕೂಗಿದ. "ಮೇಡಂ, ನೀವ ಮಲಗ್ರಿ" ಎಂದು ಕಿರಣಕುಮಾರ ನನ್ನನ್ನು ಎಳೆದುಕೊಂಡು ಹೋದ. ನನ್ನ ಬಣ್ಣ ಕಾಣಬಾರದೆಂದು ತಲೆಯಿಂದ ಕಾಲಿನವರೆಗೆ ಒಂದು ಬಟ್ಟೆ ಹೊದಿಸಿದ, ಹಳದಿ ಹಕ್ಕಿಗಳ ಚಿತ್ತಾರದ್ದು.

ಒಳಗೆ ಬೆಳಕು ಹಳದಿಯಾಗಿತ್ತು. ಭತ್ತದ ಕೂಳೆ ಬೆನ್ನಿಗೆ ಚುಚ್ಚುತ್ತಿತ್ತು. ಹೊರಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ, ಕೇಳಲು ಯಾರೂ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಸಿನಿಮಾ ಎಂದು ಗೊತ್ತಿದ್ದೂ ಆಯಿತು.

ಕಟ್ ಎಂದು ಕೂಗಿದಾಗ ಎಲ್ಲರೂ ಎದ್ದೆವು. ಒಬ್ಬರು ಸೊಂಟ ಹಿಡಿದುಕೊಂಡರು, ಒಬ್ಬರು ಕಿವಿಯಲ್ಲಿ ಹೊಕ್ಕ ಇರುವೆ ತೆಗೆದರು, ಚಹಾದ ಕಡೆ ಸಾಲು ಹೊರಟಿತು. ಕೊನ್ಸೊಲಾತಾ ನಮ್ಮ ನಡುವೆ ನಡೆಯುತ್ತ, ಸಿಕ್ಕಿದವರ ಭುಜ ಮುಟ್ಟುತ್ತ, ಕೂದಲಿನ ಹುಲ್ಲು ತೆಗೆಯುತ್ತಿದ್ದರು. ಈ ಸಲ ಮೆಲ್ಲಗೆ ಕೇಳಿದೆ, ಅಷ್ಟೆಲ್ಲ ಕಣ್ಣಾರೆ ಕಂಡವರು ಮತ್ತೆ ಇದನ್ನು ಯಾಕೆ ನೋಡಲು ಬರುತ್ತೀರಿ?

"ಫೋಟೋದಲ್ಲಿ ಅವರು ಏಳುವುದಿಲ್ಲ. ಕನಸಿನಲ್ಲೂ ಏಳುವುದಿಲ್ಲ. ಇಲ್ಲಿ ಕಟ್ ಅಂದ ಕೂಡಲೇ ಎದ್ದು ಹೋಗಿ ಚಹಾ ಕುಡಿಯುತ್ತಾರೆ. ಅದನ್ನು ನೋಡಲು ಬರುತ್ತೇನೆ" ಅಂದರು.

ನಾನು ಸುಲಭಕ್ಕೆ ಅಳುವವಳಲ್ಲ. ಅಂದು ಚಹಾದ ಕಪ್ಪು ಹಿಡಿದುಕೊಂಡೇ ಅತ್ತೆ.

ಆ ವರ್ಷದ ಮಹಾನವಮಿಗೆ ಸೋನುಬಾಯಿ ತಮ್ಮ ಹಿರಿಯರ ಜೊತೆ ಅಗಾಥಾಳಿಗೂ ಒಂದು ಎಲೆ ಹಾಕಿ ತೆನೆ ಸುಟ್ಟಿಟ್ಟರು. ಅನಾಸ್ತಾಸನ ಹೆಸರಿನಲ್ಲಿ ಮಿಂಗೇಲ್ ಎಷ್ಟು ಕುಡಿದನೆಂದರೆ, ಅವನ ಹೆಂಡತಿ ಆ ಬಡಗಿಯನ್ನು ಒಂದು ವಾರ ಬೈದಳು.

ಸಿನಿಮಾ ನಮ್ಮ ಕೈಗೆ ಬಂದದ್ದು ಈ ಸೆಪ್ಟೆಂಬರಿನಲ್ಲಿ. ಕಿರಣಕುಮಾರ ಮರೆಯದೆ ಕಳಿಸಿದ್ದ. ದಾಂಡೇಲಿಯ ಒಂದು ಹೋಮ್‌ಸ್ಟೇಯಿಂದ ಪ್ರೊಜೆಕ್ಟರ್ ತಂದು, ಭಾನುವಾರ ಮಧ್ಯಾಹ್ನ ಕೇರಿಯ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಯ ಮೇಲೆ ಹಾಕಿದೆ. ಇಂಗ್ಲಿಷ್ ಅಕ್ಷರ ಬಂದ ಹಾಗೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದೆ. ಪಕ್ಕದ ಮನೆಯವನನ್ನು ಕೊಂದವನು ತನ್ನ ಮನೆಗೆ ಬಂದು ಕೈ ತೊಳೆದುಕೊಂಡು ಊಟಕ್ಕೆ ಕೂರುವ ದೃಶ್ಯ ಬಂತು.

"ಉಣ್ಣಾಕ ಹತ್ಯಾನ ನೋಡು" ಎಂದ ಮಿಂಗೇಲ್. ಸ್ವಲ್ಪ ತಡೆದು, "ನಾನಾಗಿದ್ರ ಉಣ್ತಿದ್ನೇನು, ಪೂರ್ಣಕ್ಕಾ?" ಎಂದು ನನ್ನನ್ನು ಕೇಳಿದ. ನಾನೂ ಅದನ್ನೇ ಯೋಚಿಸುತ್ತಿದ್ದೆ, ನನ್ನ ಬಗ್ಗೆ.

ನಮ್ಮ ಗದ್ದೆ ಬಂತು. ಬಂದದ್ದೇ ಹೋಯಿತು. ಹೆಚ್ಚೆಂದರೆ ಒಂಬತ್ತು ಸೆಕೆಂಡು.

"ಹಿಂದ ತಗೀ. ನಿಲ್ಲಸು ಅದನ್ನ" ಅಂದರು ಸೋನುಬಾಯಿ.

ನಿಲ್ಲಿಸಿದೆ. ಗೋಡೆಯ ತುಂಬ ಕೆಂಪು ಮಣ್ಣು, ಮಲಗಿದ ಜನ. ಸೋನುಬಾಯಿ ಎದ್ದು ಗೋಡೆಯ ಹತ್ತಿರ ಹೋದರು. ಅವರ ಮುಖ ಕಾಣುತ್ತಿರಲಿಲ್ಲ, ಒಡೆದ ಹಿಮ್ಮಡಿ ಒಂದೇ ಕಾಣುತ್ತಿತ್ತು. ಅದರ ಮೇಲೆ ಕೈಯಿಟ್ಟು "ಅಗಾಥಾ" ಅಂದರು. ಮಿಂಗೇಲ್ ಹೋಗಿ "ಅನಾಸ್ತಾಸ್" ಎಂದ. ಒಬ್ಬೊಬ್ಬರೇ ಬಂದು, ತಮ್ಮ ಮೊಣಕೈಯನ್ನೋ ಬೆನ್ನನ್ನೋ ಹುಡುಕಿ, ಮುಟ್ಟಿ, ಹೆಸರು ಹೇಳಿ ಕುಳಿತರು. ಒಬ್ಬರಾದರೂ ಮರೆತಿರಲಿಲ್ಲ. ಸತ್ತವರು ಅಷ್ಟು ಜನ, ಇಷ್ಟು ಜನ ಎಂದು ನಾನು ಎಷ್ಟೋ ಸಲ ಓದಿದ್ದೇನೆ. ಒಂದೊಂದಾಗಿ ಕೇಳಿದಾಗ ಬರೀ ಮೂವತ್ತೊಂಬತ್ತಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದೇ ಗೊತ್ತಾದದ್ದು.

ಎಲ್ಲರೂ ಕುಳಿತ ಮೇಲೂ ಸೋನುಬಾಯಿ ಅಲ್ಲೇ ನಿಂತಿದ್ದರು. ಎಡ ಮೂಲೆಯಲ್ಲಿ ಹಳದಿ ಹಕ್ಕಿಗಳ ಬಟ್ಟೆ. "ಇದು ಯಾರು?"

ನಾನು ಪ್ರೊಜೆಕ್ಟರ್ ಬಿಟ್ಟು ಎದ್ದೆ. "ನಾನ ಮಾವಶಿ."

"ನೀ ಸೈ. ಯಾರಾಗಿ ಮಲಗಿದ್ದಿ?"

"ಕೇಳಲಿಲ್ಲ."

"ಊರ ಮಂದಿಗೆಲ್ಲ ಕೇಳತಿ. ನಿನಗ ಒಂದು ಹೆಸರು ಕೇಳಿಕೊಳ್ಳಾಕ ಆಗಲಿಲ್ಲ?" ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು. "ಒಂದೂವರಿ ವರ್ಷ ಆತು. ಅಲ್ಲಿ ಒಬ್ಬಾಕಿ ಮಾರಿ ಮುಚ್ಚಿಕೊಂಡು ಹಂಗ ಬಿದ್ದಾಳ. ಯಾರೂ ಕರದಿಲ್ಲ. ಈಗ ಕೇಳು."

ಹೊರಗೆ ಬಂದು ಕೊನ್ಸೊಲಾತಾ ಅವರಿಗೆ ಫೋನ್ ಮಾಡಿದೆ. ರುವಾಂಡಾದಲ್ಲಿ ಆಗ ಹನ್ನೆರಡು ಗಂಟೆಯಿರಬೇಕು, ಹಿಂದೆ ಚರ್ಚಿನ ಹಾಡು ಕೇಳುತ್ತಿತ್ತು. ನಡೆದದ್ದನ್ನು ಹಾಗೆಯೇ ಹೇಳಿದೆ. ಮೂವತ್ತೊಂಬತ್ತು ಜನರನ್ನು ಕರೆದಿದ್ದಾರೆ, ಬಟ್ಟೆಯ ಕೆಳಗಿನವಳು ಒಬ್ಬಳು ಉಳಿದಿದ್ದಾಳೆ, ಅವಳಾಗಿ ಮಲಗಿದ್ದು ನಾನು, ನನಗೆ ಒಂದು ಹೆಸರು ಬೇಕು. ಯಾವ ಹೆಸರನ್ನಾದರೂ ಕೊಡಿ ಎನ್ನಲು ಹೋದವಳು ತಡೆದುಕೊಂಡೆ. ಹುಟ್ಟಿದ ಮೇಲೆ ಅದೇ ಮೊದಲು ನಾನು ಕೇಳಿ ಸುಮ್ಮನಾಗಿದ್ದು.

ಫೋನ್ ಕಟ್ಟಾಯಿತು ಎಂದುಕೊಂಡೆ. ಹಾಡು ಇನ್ನೂ ಕೇಳುತ್ತಿತ್ತು.

"ಬಟ್ಟೆ ಯಾವುದು?" ಎಂದು ಕೇಳಿದರು.

"ಹಳದಿ ಹಕ್ಕಿಗಳದು."

"ಫೆಲಿಸಿತಾ" ಅಂದರು. "ನನ್ನ ತಂಗಿ. ಅವಳನ್ನು ಫೆಲಿಸಿತಾ ಎಂದು ಕರೆಯಿರಿ."

ಸೋನುಬಾಯಿ ಬಾಗಿಲಲ್ಲಿ ನಿಂತಿದ್ದರು. ನಾನು ಹೆಸರು ಹೇಳಿದೆ, ಯಾರದೆಂದೂ ಹೇಳಿದೆ. ಅವರು ಒಳಗೆ ಹೋಗಿ ಹಳದಿ ಬಟ್ಟೆಯ ಮೇಲೆ ಕೈಯಿಟ್ಟರು. "ಫೆಲಿಸಿತಾ, ಬಾರವ್ವಾ." ಫೋನಿನ ಆ ತುದಿಯಲ್ಲಿ ಅದು ಕೇಳಿಸಿತು. ಕೊನ್ಸೊಲಾತಾ ಅಳುತ್ತಿದ್ದರು.

"ಅಳಲಿ. ಅತ್ತಾದ ಮ್ಯಾಲೆ ಕೇಳು, ಆಕಿಗೆ ಏನು ಸೇರತಿತ್ತು" ಅಂದರು ಸೋನುಬಾಯಿ.

ಹೀಗಾಗಿ ಈ ಮಹಾನವಮಿಯ ಬೆಳಿಗ್ಗೆ ನಮ್ಮ ಹಳಿಯಾಳದ ಮನೆಯಲ್ಲಿ ಬಾಳೆಕಾಯಿ ಮತ್ತು ಹುರುಳಿಕಾಯಿ ಬೀಜ ಸೇರಿಸಿ ಬೇಯಿಸಲು ಇಟ್ಟೆ. ಸೋನುಬಾಯಿಯ ಮನೆಯಲ್ಲಿ ಫೆಲಿಸಿತಾಳಿಗೆ ನಾನು ಬಡಿಸಬೇಕಾದ ಒಂದು ಎಲೆ ಕಾಯುತ್ತಿತ್ತು. ಹಿತ್ತಲಿನಲ್ಲಿದ್ದ ಅವ್ವ ಮೂಗು ಮುಚ್ಚಿಕೊಂಡು ಓಡಿ ಬಂದಳು.

"ಏ ಪೂರ್ಣಿ, ವಾಸನಿ ಬರಾಕತ್ತೇತಿ! ತಳಾ ಹತ್ತಿತು ನೋಡು, ಇಳಸು!"

"ಹತ್ಲಿ ಬಿಡವ್ವಾ" ಅಂದೆ. "ಅಕ್ಕ ತಂಗಿ ಇಬ್ಬರೂ ಜಗಳಾಡತಿದ್ದುದು ಆ ಹತ್ತಿದ ತಳಕ್ಕ ಅಂತ."

ಅವ್ವ ಕಬ್ಬಿಣದ ಸಟ್ಟುಗ ಹುಡುಕಿ ತಂದು ನನ್ನ ಕೈಗೆ ಕೊಟ್ಟಳು, ತಳ ಕೆರೆಯುವುದಕ್ಕೆ.